ಹೆಸರು ನಮ್ಮದು, ಚೀಟಿ ಯಾರದು?



2022ರ ಜುಲೈ 18ನೇ ತಾರೀಖು, ಸೋಮವಾರ, ಈ ದೇಶದ ರಾಷ್ಟ್ರಪತಿಯನ್ನು ಆರಿಸುವ ಮತದಾನ ನಡೆಯಿತು. ಅಂದು ದೇವಣಗಾಂವದಾಗ ಯಾರ ಬೆರಳಿಗೂ ಶಾಯಿ ಹತ್ತಲಿಲ್ಲ. ಸಾಲಿ ಗೋಡೆಗೆ ಮತಗಟ್ಟೆಯ ನಂಬರ್ ಅಂಟಿಸಲಿಲ್ಲ. ಜೀಪಿಗೆ ಮೈಕು ಕಟ್ಟಿಕೊಂಡು ಯಾರೂ ಬರಲಿಲ್ಲ. ನಮ್ಮ ಕೇರಿಯಾಗ ಹಲಗಿ ಬಡಿಯಲಿಲ್ಲ, ರಾತ್ರಿ ಯಾರೂ ಬಾಗಿಲು ತಟ್ಟಿ 'ಯವ್ವಾ, ಎಷ್ಟು ಓಟು ಅದಾವ ಮನ್ಯಾಗ?' ಅಂತ ಕೇಳಲಿಲ್ಲ. ಮೂರು ದಿನದ ಮ್ಯಾಲೆ ಟಿ.ವಿ.ಯವರು ಹೇಳಿದರು: ಸಂತಾಲ ಆದಿವಾಸಿ ಹೆಣ್ಣುಮಗಳು ದ್ರೌಪದಿ ಮುರ್ಮು ಗೆದ್ದರು. ಅವರಿಗೆ ಬಿದ್ದ ಮತಗಳ ಮೌಲ್ಯ 6,76,803. ಎದುರಿಗೆ ನಿಂತ ಯಶವಂತ ಸಿನ್ಹಾ ಅವರಿಗೆ 3,80,177.

ಇಂಥ ಸುದ್ದಿ ಬಂದಾಗೆಲ್ಲ ಹಾಸ್ಟೆಲಿನಾಗ ಎರಡು ಪಕ್ಷ ಆಗುತ್ತವೆ. ಒಬ್ಬ ಅಂತಾನೆ: 'ನೋಡಲೇ, ನಮ್ಮಂಥವರು ದಿಲ್ಲಿ ಗಾದಿ ಮ್ಯಾಲೆ ಕುಂತ್ರು.' ಇನ್ನೊಬ್ಬ ಅಂತಾನೆ: 'ಕುಂತು ಏನ್ ಮಾಡ್ತಾರಪಾ? ರಬ್ಬರ್ ಸ್ಟಾಂಪು.' ಒಬ್ಬನಿಗೆ ಹೆಮ್ಮೆ, ಒಬ್ಬನಿಗೆ ಸಿಟ್ಟು. 1997ರಲ್ಲಿಯೂ ಇದೇ ಜಗಳ, 2017ರಲ್ಲಿಯೂ ಇದೇ ಜಗಳ. ಎರಡು ಮಾತಿನಲ್ಲಿಯೂ ಸತ್ಯ ಇದೆ. ಆದರೆ ಎರಡೂ ಮಾತು ಕುರ್ಚಿಯ ಮ್ಯಾಲೆ ಯಾರು ಕುಂತರು ಎಂಬಲ್ಲಿಗೇ ನಿಂತುಬಿಡುತ್ತವೆ. ಕುರ್ಚಿಯ ಹಿಂದೆ ಹೋಗಿ ನೋಡುವುದಿಲ್ಲ. ನಾವು ಕೇಳುವ ಪ್ರಶ್ನೆ ಮೂರನೆಯದು. ಆ ಹೆಸರನ್ನು ಮೊದಲು ಬರೆದವರು ಯಾರು? ಚೀಟಿ ಹಾಕಿದವರು ಯಾರು? ಚೀಟಿ ಹಾಕಿದವರು ಯಾರಿಗೆ ಉತ್ತರ ಹೇಳಬೇಕು? ಎಪ್ಪತ್ತು ವರ್ಷದಿಂದ ಬದಲಾಗದೆ ಉಳಿದದ್ದು ಈ ಮೂರು ಸಂಗತಿ. ದಿಲ್ಲಿಯಲ್ಲಿ ಹೆಂಗ ಉಳಿದಾವೋ ನಮ್ಮ ಪಂಚಾಯತಿ ಕಟ್ಟೆಯ ಮ್ಯಾಲೆ ಹಂಗ ಉಳಿದಾವೆ.

ಮೊದಲು ಲೆಕ್ಕ ತಿಳಿಯೋಣ. ಲೆಕ್ಕ ತಿಳಿಯದವನಿಗೆ ಸಾಹುಕಾರ ಬರೆದದ್ದೇ ಬಡ್ಡಿ.

ರಾಷ್ಟ್ರಪತಿಯನ್ನು ನಾವು ಆರಿಸುವುದಿಲ್ಲ. ನಾವು ಆರಿಸಿದ ಶಾಸಕರು ಮತ್ತು ಸಂಸದರು ಆರಿಸುತ್ತಾರೆ. ವಿಧಾನ ಪರಿಷತ್ತಿನವರಿಗೆ ಮತ ಇಲ್ಲ, ನಾಮಕರಣಗೊಂಡ ಸಂಸದರಿಗೂ ಇಲ್ಲ. ಶಾಸಕರೆಲ್ಲರ ಮತ ಒಂದೇ ತೂಕದ್ದಲ್ಲ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತದ ಮೌಲ್ಯ ಸಿಗುತ್ತದೆ. ಕರ್ನಾಟಕದ ಲೆಕ್ಕ: 2,92,99,014 ಜನ, 224 ಶಾಸಕರು. ಒಬ್ಬ ಶಾಸಕನ ಮತಕ್ಕೆ 131. ಸಿಂದಗಿಯ ಶಾಸಕರ ಚೀಟಿಗೂ 131, ಇಂಡಿಯವರಿಗೂ 131, ಬೆಂಗಳೂರಿನವರಿಗೂ 131. ನಮ್ಮ ಭೀಮಾ ಹೊಳಿ ಮಹಾರಾಷ್ಟ್ರದಿಂದ ಬರುತ್ತದಲ್ಲ, ಅಲ್ಲಿ ಅಕ್ಕಲಕೋಟದ ಶಾಸಕರ ಚೀಟಿಗೆ 175. ಅಲ್ಲಿಯೂ ಮನಿಮನಿಯಾಗ ಕನ್ನಡ ಮಾತಾಡುತ್ತಾರೆ, ಆದರೆ ಮತದ ತೂಕ ರಾಜ್ಯದ್ದು. ಉತ್ತರ ಪ್ರದೇಶದ ಶಾಸಕನಿಗೆ 208, ಸಿಕ್ಕಿಂನವನಿಗೆ 7. ಒಬ್ಬ ಶಾಸಕನ ಬೆನ್ನ ಹಿಂದೆ ಎಷ್ಟು ಜನ ಇದ್ದಾರೋ ಅಷ್ಟು ತೂಕ, ಅಷ್ಟೇ.

ಆದರೆ ಈ 2 ಕೋಟಿ 92 ಲಕ್ಷ ಎಂಬುದು ಯಾವ ಕಾಲದ ಕರ್ನಾಟಕ? 1971ರ ಜನಗಣತಿಯ ಕರ್ನಾಟಕ! ಆಗ ಅದಕ್ಕೆ ಮೈಸೂರು ರಾಜ್ಯ ಎಂದು ಹೆಸರು. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಸಂವಿಧಾನದ 42ನೇ ತಿದ್ದುಪಡಿ ಬಂದು ಆ ಎಣಿಕೆಯನ್ನೇ ಮೊಳೆ ಹೊಡೆದು ನಿಲ್ಲಿಸಿತು. 2001ರಲ್ಲಿ 84ನೇ ತಿದ್ದುಪಡಿ ಅದನ್ನು ಮುಂದುವರೆಸಿತು: 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವ ತನಕ 1971ರ ತಲೆಗಳೇ ತಲೆಗಳು. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಅನ್ಯಾಯ ಆಗಬಾರದು ಎಂಬುದು ಕೊಟ್ಟ ಕಾರಣ. ದಕ್ಷಿಣದವರಾದ ನಮಗೆ ಅದರಿಂದ ಲಾಭವೂ ಉಂಟು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಹಾಸ್ಟೆಲಿನ ತಮ್ಮಂದಿರೇ, ತಂಗ್ಯಾರೇ, ಒಂದು ಸಲ ಯೋಚಿಸಿ. ಈ ಪತ್ರಿಕೆ ಕೈಯಲ್ಲಿ ಹಿಡಿದ ನಿಮ್ಮಲ್ಲಿ ಒಬ್ಬರೂ ಆ ಲೆಕ್ಕದಲ್ಲಿ ಇಲ್ಲ. ನಿಮ್ಮ ಮುತ್ಯಾ ಇದ್ದಾನೆ. ತೀರಿಹೋದ ಮುತ್ಯಾನ ತಲೆ ಇನ್ನೂ ರಾಷ್ಟ್ರಪತಿಯನ್ನು ಆರಿಸುತ್ತಿದೆ. ಜೀವಂತ ಇರುವ ಮೊಮ್ಮಗನ ತಲೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಚೀಟಿ ಹಾಕುವ ಪದ್ಧತಿಯನ್ನೂ ನೋಡಿ. ಚೀಟಿಯ ಮೇಲೆ ಅಭ್ಯರ್ಥಿಯ ಹೆಸರು ಮಾತ್ರ, ಚಿಹ್ನೆ ಇಲ್ಲ. ಆನೆ ಇಲ್ಲ, ಕೈ ಇಲ್ಲ, ಕಮಲ ಇಲ್ಲ. ಸಂಸದರಿಗೆ ಹಸಿರು ಚೀಟಿ, ಶಾಸಕರಿಗೆ ಗುಲಾಬಿ ಚೀಟಿ. 1, 2 ಎಂದು ಇಷ್ಟದ ಕ್ರಮ ಬರೆಯಬೇಕು. 2016ರಲ್ಲಿ ಹರಿಯಾಣದ ರಾಜ್ಯಸಭೆ ಚುನಾವಣೆಯಲ್ಲಿ ಬೇರೆ ಪೆನ್ನಿನಿಂದ ಬರೆದರೆಂದು ಮತಗಳು ತಿರಸ್ಕಾರಗೊಂಡು ಗದ್ದಲವಾಯಿತು. ಆ ಮೇಲೆ 2017ರಿಂದ ಆಯೋಗವೇ ನೇರಳೆ ಶಾಯಿಯ ಪೆನ್ನು ಕೊಡುತ್ತದೆ. ಗುಪ್ತ ಮತದಾನ. ಪಕ್ಷ ವಿಪ್ ಕೊಡುವ ಹಾಗಿಲ್ಲ. ಶಾಸಕ ತನಗೆ ತಿಳಿದವರಿಗೆ ಹಾಕಿದರೆ ಅವನ ಸ್ಥಾನಕ್ಕೆ ಕುತ್ತಿಲ್ಲ. ಕಾಗದದ ಮೇಲೆ ಇಷ್ಟು ಸ್ವತಂತ್ರವಾದ ಮತ ಈ ದೇಶದ ಶಾಸಕನಿಗೆ ಬೇರೆಲ್ಲೂ ಸಿಗುವುದು ಕಷ್ಟ. ಆದರೂ ಅವನ ಚೀಟಿ ಎಲ್ಲಿ ಬೀಳುತ್ತದೆ ಎಂಬುದು ಅವನು ಬೆಂಗಳೂರಿನ ಬಸ್ ಹತ್ತುವ ಮೊದಲೇ ಗೊತ್ತಿರುತ್ತದೆ.

ಪ್ರಚಾರವೂ ಹಾಗೆಯೇ. ಅಭ್ಯರ್ಥಿಗಳು ವಿಮಾನದಲ್ಲಿ ರಾಜ್ಯದ ರಾಜಧಾನಿಗಳಿಗೆ ಬರುತ್ತಾರೆ, ಶಾಸಕರನ್ನು ಒಂದು ಕಡೆ ಕೂಡಿಸಿಕೊಂಡು ಕೈ ಮುಗಿಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಮುಂದಿನ ರಾಜ್ಯಕ್ಕೆ ಹೋಗುತ್ತಾರೆ. 2022ರ ಜುಲೈನಲ್ಲಿ ಇಬ್ಬರೂ ಅಭ್ಯರ್ಥಿಗಳು ಬೆಂಗಳೂರಿನ ತನಕ ಬಂದಿದ್ದರು. ಭೀಮಾ ದಂಡೆಗೆ ಬರುವ ಕೆಲಸ ಅವರಿಗೆ ಇರಲಿಲ್ಲ. ಇಲ್ಲಿ ಅವರಿಗೆ ಓಟು ಇಲ್ಲ.

ಇದು ಹೀಗೇ ಇರಬೇಕೆಂದು ಯಾರು ಬರೆದರು? ಸಂವಿಧಾನ ಸಭೆಯಲ್ಲಿ ಪ್ರೊ. ಕೆ.ಟಿ. ಶಾ ಎಂಬ ಅರ್ಥಶಾಸ್ತ್ರಜ್ಞರು ರಾಷ್ಟ್ರಪತಿಯನ್ನು ವಯಸ್ಕರೆಲ್ಲರೂ ನೇರವಾಗಿ ಆರಿಸಬೇಕು ಎಂದು ವಾದಿಸಿದರು. ಬಾಬಾಸಾಹೇಬರು ಒಪ್ಪಲಿಲ್ಲ. ಅವರ ಮಾತಿನ ಸಾರ ಇಷ್ಟು: ಇಷ್ಟು ದೊಡ್ಡ ದೇಶದಲ್ಲಿ ಕೋಟಿಗಟ್ಟಲೆ ಜನರಿಂದ ಆ ಒಂದು ಸ್ಥಾನಕ್ಕೆ ಚುನಾವಣೆ ನಡೆಸುವುದು ಕಷ್ಟ, ಮೇಲಾಗಿ ಅಧಿಕಾರ ಇಲ್ಲದ ಸ್ಥಾನಕ್ಕೆ ಅಷ್ಟು ದೊಡ್ಡ ಚುನಾವಣೆ ಯಾಕೆ? 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸುವಾಗಲೇ ಅವರು ತಿಳಿಸಿದ್ದರು: ನಮ್ಮ ರಾಷ್ಟ್ರಪತಿಯದು ಇಂಗ್ಲೆಂಡಿನ ಅರಸನಂಥ ಸ್ಥಾನ, ಆತ ದೇಶವನ್ನು ಪ್ರತಿನಿಧಿಸುತ್ತಾನೆ, ಆಳುವುದಿಲ್ಲ. ಹಾಗಾಗಿ ರಬ್ಬರ್ ಸ್ಟಾಂಪು ಎಂದು ಇವತ್ತು ನಗುವ ಗೆಳೆಯರು ಹೊಸದೇನೂ ಹೇಳುತ್ತಿಲ್ಲ. ಅದನ್ನು ಮುದ್ರೆಯಾಗಿಯೇ ಮಾಡಲಾಗಿತ್ತು.

1952ರ ಮೊದಲ ಚುನಾವಣೆಗೆ ಅದೇ ಕೆ.ಟಿ. ಶಾ ಅವರು ಬಾಬು ರಾಜೇಂದ್ರ ಪ್ರಸಾದರ ಎದುರು ನಿಂತರು. ಪ್ರಸಾದರಿಗೆ 5,07,400, ಶಾ ಅವರಿಗೆ 92,827. ಜನರೇ ಆರಿಸಬೇಕು ಅಂದವರು ಜನರಿಲ್ಲದ ಚುನಾವಣೆಯಲ್ಲಿ ಸೋತರು. ಆಗ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ನಮ್ಮ ಶಾಸಕರು ಮುಂಬಯಿ ವಿಧಾನಸಭೆಯವರು. 1957ರ ಹೊತ್ತಿಗೆ ಏಕೀಕರಣವಾಗಿ ನಮ್ಮ ಶಾಸಕರು ಬೆಂಗಳೂರಿನ ಸಭೆಗೆ ಬಂದಿದ್ದರು. ರಾಜಧಾನಿ ಬದಲಾಯಿತು. ಕೇರಿಯಿಂದ ಆ ಚೀಟಿಗೆ ಇದ್ದ ದೂರ ಬದಲಾಗಲಿಲ್ಲ.

ಈ ಚುನಾವಣೆಯ ಚರಿತ್ರೆಯಲ್ಲಿ ಕನ್ನಡ ನೆಲದ ಒಂದು ಅಧ್ಯಾಯ ಇದೆ. ಹಾಸ್ಟೆಲಿನಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ದೊಡ್ಡ ಅಧಿವೇಶನ. ಅಧ್ಯಕ್ಷರು ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು. ಅಲ್ಲಿ ಕೂಡಿದ ಸಂಸದೀಯ ಮಂಡಳಿಯ ಮುಂದೆ ಪ್ರಧಾನಿ ಇಂದಿರಾ ಗಾಂಧಿ ಬಾಬು ಜಗಜೀವನ ರಾಮ್ ಅವರ ಹೆಸರು ಇಟ್ಟರು. ಅದು ಗಾಂಧೀಜಿಯ ಜನ್ಮಶತಮಾನದ ವರ್ಷ, ಅಸ್ಪೃಶ್ಯ ಜಾತಿಯ ಒಬ್ಬರು ರಾಷ್ಟ್ರಪತಿಯಾದರೆ ಶೋಭೆ ಎಂಬ ಮಾತು. ಮಂಡಳಿಯಲ್ಲಿ ಬಹುಮತ ಒಪ್ಪಲಿಲ್ಲ. ಸಂಜೀವ ರೆಡ್ಡಿಯವರ ಹೆಸರು ಗೆದ್ದಿತು.

ಆ ಮೇಲೆ ನಡೆದದ್ದನ್ನು ಪುಸ್ತಕಗಳು ದೊಡ್ಡದಾಗಿ ಬರೆಯುತ್ತವೆ. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಪ್ರಧಾನಿಯೇ 'ಆತ್ಮಸಾಕ್ಷಿಯಂತೆ ಮತ ಹಾಕಿ' ಅಂದರು. ಒಂದು ಕಾಲಕ್ಕೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಮೊದಲ ಎಣಿಕೆಯಲ್ಲಿ ಯಾರಿಗೂ ಬೇಕಾದಷ್ಟು ಮತ ಇಲ್ಲ. ಎರಡನೇ ಪ್ರಾಶಸ್ತ್ಯದ ಮತ ಎಣಿಸಿ ಗಿರಿಯವರು 4,20,077ರಿಂದ ಗೆದ್ದರು, ರೆಡ್ಡಿಯವರಿಗೆ 4,05,427. ಹಾಗೆ ಎಣಿಸಿ ತೀರ್ಮಾನಿಸಿದ ರಾಷ್ಟ್ರಪತಿ ಚುನಾವಣೆ ಅದೊಂದೇ. ಪ್ರಚಾರದಲ್ಲಿ ಹೊಲಸು ಕರಪತ್ರ ಹಂಚಿದರೆಂದು ಸುಪ್ರೀಂ ಕೋರ್ಟಿಗೆ ದೂರು ಹೋಯಿತು. ರಾಷ್ಟ್ರಪತಿಯೇ ಕೋರ್ಟಿಗೆ ಬಂದು ಸಾಕ್ಷಿ ಹೇಳಿದರು, ಆಯ್ಕೆ ಊರ್ಜಿತವಾಯಿತು. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಒಡೆಯಿತು.

ಈ ಗದ್ದಲದಲ್ಲಿ ಒಂದು ಹೆಸರು ಕಳೆದುಹೋಯಿತು. ಶಾಸಕರ ಆತ್ಮಸಾಕ್ಷಿ ಎದ್ದಿತು, ನಿಜ. ಅದು ಎದ್ದದ್ದು ಗಿರಿಯವರಿಗಾಗಿ. ಜಗಜೀವನ ರಾಮ್ ಅವರ ಹೆಸರು ಬೆಂಗಳೂರಿನ ಕೋಣೆಯಲ್ಲಿ ಒಂದು ದಾಳವಾಗಿ ಬಂತು, ದಾಳವಾಗಿಯೇ ಹೋಯಿತು. ಮುಂದೆ ಯಾರೂ ಅದನ್ನು ಎತ್ತಲಿಲ್ಲ. ಇಡುವವರೂ ಅವರೇ, ತೆಗೆಯುವವರೂ ಅವರೇ. ಈ ರೂಢಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1967ರಲ್ಲಿ 17 ಮಂದಿ, 1969ರಲ್ಲಿ 15 ಮಂದಿ ಈ ಚುನಾವಣೆಗೆ ನಿಂತಿದ್ದರು. ಹಲವರಿಗೆ ಒಂದು ಮತವೂ ಬೀಳಲಿಲ್ಲ. ತಮಾಷೆಗೆ ನಿಲ್ಲುತ್ತಾರೆ ಎಂದು ಸರ್ಕಾರ ಬಾಗಿಲು ಬಿಗಿ ಮಾಡಿತು. 1974ರಲ್ಲಿ ಹತ್ತು ಮಂದಿ ಸೂಚಕರು, ಹತ್ತು ಮಂದಿ ಅನುಮೋದಕರು ಬೇಕೆಂದಾಯಿತು, ಠೇವಣಿ 2,500 ರೂಪಾಯಿ. 1997ರಲ್ಲಿ ಅದು ಐವತ್ತು ಮತ್ತು ಐವತ್ತಾಯಿತು, ಠೇವಣಿ 15,000. ಸಹಿ ಹಾಕುವವರು ಶಾಸಕರೋ ಸಂಸದರೋ ಆಗಿರಬೇಕು. ಈಗ ಪಕ್ಷದ ದೊರೆಗಳ ಒಪ್ಪಿಗೆ ಇಲ್ಲದೆ ನೂರು ಸಹಿ ತರುವವರು ಯಾರು? ಜನರ ಕೈಯಲ್ಲಿ ಮೊದಲೇ ಚೀಟಿ ಇರಲಿಲ್ಲ, ಈಗ ಹೆಸರು ಕೊಡುವ ಕಿಂಡಿಯೂ ಮುಚ್ಚಿತು. 1977ರಲ್ಲಂತೂ 37 ನಾಮಪತ್ರ ಬಂದು 36 ತಿರಸ್ಕಾರವಾದವು. ಎಂಟು ವರ್ಷದ ಹಿಂದೆ ಸೋತಿದ್ದ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಆ ಸಲ ಶಾಸಕರೂ ಚೀಟಿ ಹಾಕಲಿಲ್ಲ.

ಅದೇ ವರ್ಷ ಫೆಬ್ರವರಿಯಿಂದ ಜುಲೈ ತನಕ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಆಗಿನ ನಮ್ಮ ವಿಜಾಪುರ ಜಿಲ್ಲೆಯ ಸಾವಳಗಿಯವರೇ ಆದ ಬಿ.ಡಿ. ಜತ್ತಿಯವರು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದ ಹೊಸ ಸರ್ಕಾರದಿಂದ ಬಂದಾಗ ಹಿಂದೆಮುಂದೆ ನೋಡಿದರು, ಕಡೆಗೆ ಸಹಿ ಹಾಕಿದರು. ಜಿಲ್ಲೆಯವರು ಕುಂತರೂ ಜಾತಿಯವರು ಕುಂತರೂ ಕುರ್ಚಿಯ ಗುಣ ಅದು.

ಆದರೂ ಕುರ್ಚಿಯನ್ನು ಪೂರಾ ಟೊಳ್ಳು ಅನ್ನುವುದು ಸರಿಯಲ್ಲ. 1997ರಲ್ಲಿ ಕೆ.ಆರ್. ನಾರಾಯಣನ್ ಗೆದ್ದರು. ಕೇರಳದ ಉಳವೂರಿನ ಬಡ ದಲಿತ ಮನೆಯಲ್ಲಿ ಹುಟ್ಟಿದವರು. ಸ್ವಾತಂತ್ರ್ಯದ ಐವತ್ತನೇ ವರ್ಷ, ಹೆಚ್ಚು ಕಡಿಮೆ ಎಲ್ಲ ಪಕ್ಷಗಳ ಬೆಂಬಲ. ಅವರಿಗೆ 9,56,290, ಎದುರಿಗಿದ್ದ ಟಿ.ಎನ್. ಶೇಷನ್ ಅವರಿಗೆ 50,631. ಅದೇ ವರ್ಷ ಉತ್ತರ ಪ್ರದೇಶದ ಸರ್ಕಾರವನ್ನು ಕಿತ್ತುಹಾಕಬೇಕೆಂದು ಕೇಂದ್ರದ ಮಂತ್ರಿಮಂಡಲ ಕಳಿಸಿದ ಕಾಗದವನ್ನು ನಾರಾಯಣನ್ ಮರುಪರಿಶೀಲಿಸಿ ಎಂದು ತಿರುಗಿ ಕಳಿಸಿದರು. 1998ರಲ್ಲಿ ಬಿಹಾರದ ಕಾಗದವನ್ನೂ ತಿರುಗಿ ಕಳಿಸಿದರು. ಅದೇ 1998ರ ಲೋಕಸಭೆ ಚುನಾವಣೆಯಲ್ಲಿ ಸಾಲಿನಲ್ಲಿ ನಿಂತು ಓಟು ಹಾಕಿದರು. ಅಧಿಕಾರದಲ್ಲಿದ್ದಾಗ ಸಾರ್ವತ್ರಿಕ ಚುನಾವಣೆಯಲ್ಲಿ ಓಟು ಹಾಕಿದ ಮೊದಲ ರಾಷ್ಟ್ರಪತಿ ಅವರೇ. ಮುದ್ರೆ ಹೊಡೆಯುವುದಕ್ಕೂ ಒಂದು ಕೈ ಬೇಕು. ಕೈಯಲ್ಲಿ ಧೈರ್ಯ ಇದ್ದರೆ ಒಂದು ಗಳಿಗೆ ತಡೆದು ಕೇಳಬಹುದು. ಅದನ್ನು ತೋರಿಸಿದವರು ನಮ್ಮವರು ಎಂಬ ಹೆಮ್ಮೆ ನಮಗಿದೆ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಈಗ ಅದೇ ಬೇಸಿಗೆಯ ಇನ್ನೊಂದು ಸುದ್ದಿ ಕೇಳಿ. ನಾರಾಯಣನ್ ಅವರ ಚುನಾವಣೆಗೆ ಕೆಲವೇ ದಿನ ಮೊದಲು, 1997ರ ಜೂನ್ ಕೊನೆಗೆ, ತಮಿಳುನಾಡಿನ ಮಧುರೈ ಜಿಲ್ಲೆಯ ಮೇಲವಳವು ಪಂಚಾಯತಿಯ ಅಧ್ಯಕ್ಷ ಮುರುಗೇಶನ್ ಅವರನ್ನು ಹಾಡೇ ಹಗಲು ಬಸ್ಸಿನಿಂದ ಎಳೆದು ಕಡಿದು ಕೊಂದರು. ಜೊತೆಗಿದ್ದ ದಲಿತರನ್ನೂ ಕೊಂದರು. ಅವರು ಮಾಡಿದ ಅಪರಾಧ ಒಂದೇ: ಪರಿಶಿಷ್ಟ ಜಾತಿಗೆ ಮೀಸಲಾದ ಅಧ್ಯಕ್ಷ ಸ್ಥಾನಕ್ಕೆ ನಿಂತು ಗೆದ್ದದ್ದು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರಮಂಗಲಂ ಪಂಚಾಯತಿಗಳಲ್ಲಿ ದಲಿತ ಅಧ್ಯಕ್ಷ ಬೇಡವೆಂದು 2006ರ ತನಕ ಹತ್ತು ವರ್ಷ ಸರಿಯಾದ ಚುನಾವಣೆಯನ್ನೇ ನಡೆಯಗೊಡಲಿಲ್ಲ. ನಾಮಪತ್ರ ಹಾಕಿಸುತ್ತಿರಲಿಲ್ಲ, ಹಾಕಿದರೆ ತಮ್ಮ ಆಳನ್ನೇ ನಿಲ್ಲಿಸಿ ಗೆದ್ದ ಕೂಡಲೇ ರಾಜೀನಾಮೆ ಕೊಡಿಸುತ್ತಿದ್ದರು.

ಒಂದೇ ದೇಶ, ಒಂದೇ ಬೇಸಿಗೆ, ಇಬ್ಬರು ಅಧ್ಯಕ್ಷರು. ದೇಶದ ಅಧ್ಯಕ್ಷನಿಗೆ ಇಪ್ಪತ್ತೊಂದು ತೋಪಿನ ಮರ್ಯಾದೆ. ಊರಿನ ಅಧ್ಯಕ್ಷನಿಗೆ ಕುಡಗೋಲು. ಯಾಕೆ? ಇಬ್ಬರೂ ದಲಿತರೇ. ವ್ಯತ್ಯಾಸ ಕುರ್ಚಿಯಲ್ಲಿದೆ. ದೇಶದ ಅಧ್ಯಕ್ಷ ಯಾರ ಹೊಲದ ಬದುವನ್ನೂ ಅಳೆಯುವುದಿಲ್ಲ, ಯಾರ ಕೆರೆಯ ಮೀನು ಹರಾಜು ಹಾಕುವುದಿಲ್ಲ, ಯಾವ ಕೇರಿಗೆ ನಳ ಮೊದಲು ಅನ್ನುವುದಿಲ್ಲ. ಊರಿನ ಅಧ್ಯಕ್ಷ ಅದನ್ನೆಲ್ಲ ಮಾಡಬೇಕು. ಚೆಕ್ಕಿಗೆ ಸಹಿ ಹಾಕಬೇಕು, ಗ್ರಾಮಸಭೆಯಲ್ಲಿ ಗೌಡರ ಎದುರು ಕುರ್ಚಿ ಹಾಕಿಕೊಂಡು ಕೂಡಬೇಕು. ನಮ್ಮ ಹೆಸರು ಎತ್ತರಕ್ಕೆ ಹೋದಷ್ಟೂ ಅವರಿಗೆ ಹಗುರ, ಕೆಳಗೆ ಬಂದಷ್ಟೂ ಭಾರ. ಈ ಲೆಕ್ಕ 131ರ ಲೆಕ್ಕಕ್ಕಿಂತ ಮುಖ್ಯ.

2017ಕ್ಕೆ ಬನ್ನಿ. ಒಂದು ಕಡೆಯಿಂದ ರಾಮನಾಥ ಕೋವಿಂದ್, ಇನ್ನೊಂದು ಕಡೆಯಿಂದ ಮೀರಾ ಕುಮಾರ್. ಇಬ್ಬರೂ ದಲಿತರು. ಮೀರಾ ಕುಮಾರ್ ಯಾರು? ಬೆಂಗಳೂರಿನ ಕೋಣೆಯಲ್ಲಿ ಹೆಸರು ಬಿದ್ದುಹೋದ ಜಗಜೀವನ ರಾಮ್ ಅವರ ಮಗಳು. ನಲವತ್ತೆಂಟು ವರ್ಷದ ಮೇಲೆ ಮಗಳ ಹೆಸರು ಚೀಟಿಯ ತನಕ ಬಂತು. ಕೋವಿಂದರಿಗೆ 7,02,044, ಅವರಿಗೆ 3,67,314. ಅವರು ಪ್ರಚಾರದಲ್ಲಿ ಒಂದು ಸರಿಯಾದ ಪ್ರಶ್ನೆ ಕೇಳಿದರು: ಹಿಂದೆ ಮೇಲ್ಜಾತಿಯ ಇಬ್ಬರು ಎದುರುಬದುರು ನಿಂತಾಗ ಯಾರೂ ಜಾತಿಯ ಮಾತೆತ್ತಲಿಲ್ಲ, ಈಗ ಯಾಕೆ ಎತ್ತುತ್ತೀರಿ? ಪತ್ರಿಕೆಗಳು ಉತ್ತರ ಕೊಡಲಿಲ್ಲ, 'ದಲಿತ ಎದುರು ದಲಿತ' ಎಂದು ಮತ್ತೆ ಬರೆದವು. ಒಂದು ಪಕ್ಷ ನಮ್ಮವರ ಹೆಸರು ಹೇಳಿದ ಕೂಡಲೇ ಇನ್ನೊಂದು ಪಕ್ಷವೂ ನಮ್ಮವರನ್ನೇ ಹುಡುಕುತ್ತದೆ. ಯಾವ ಪಕ್ಷವೂ ನಮ್ಮ ಕೇರಿಗೆ ಬಂದು 'ನಿಮ್ಮ ಆಯ್ಕೆ ಯಾರಪಾ?' ಎಂದು ಕೇಳುವುದಿಲ್ಲ. 2023ರ ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆಯನ್ನು ಪ್ರಧಾನಿಯೇ ಮಾಡಿದರು. ಸಂಸತ್ತಿನ ಅಂಗವೇ ಆಗಿರುವ ರಾಷ್ಟ್ರಪತಿ ಅಂದು ಆ ಸಭೆಯಲ್ಲಿರಲಿಲ್ಲ, ಅವರ ಸಂದೇಶ ಓದಲಾಯಿತು. ಹೆಸರನ್ನು ಕರೆದು ತಂದವರು ಯಾವಾಗ ಕರೆಯಬೇಕು, ಯಾವಾಗ ಬೇಡ ಎಂಬುದನ್ನೂ ತಾವೇ ನಿಶ್ಚಯಿಸುತ್ತಾರೆ.

ಈ ರೂಢಿಯ ಬೇರು ಎಲ್ಲಿದೆ? ನಾವು ಯರವಡಾ ಜೈಲಿಗೆ ಹೋಗಬೇಕು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದ. ಬಾಬಾಸಾಹೇಬರು ಕೇಳಿದ್ದು ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವ ಪ್ರತ್ಯೇಕ ಮತದಾರ ವರ್ಗ. ಗಾಂಧೀಜಿ ಉಪವಾಸ ಕುಂತರು. ಕಡೆಗೆ ಸ್ಥಾನಗಳು ಹೆಚ್ಚಾದವು, 148 ಆದವು. ಆದರೆ ಮತದಾರರು ಎಲ್ಲ ಜಾತಿಯವರೂ ಆದರು. ಆ ಒಪ್ಪಂದದಲ್ಲಿ ಒಂದು ಸಣ್ಣ ಕಿಂಡಿ ಉಳಿದಿತ್ತು: ಮೊದಲು ದಲಿತರೇ ಕೂಡಿ ನಾಲ್ಕು ಹೆಸರು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಕೂಡಿ ಆರಿಸಬೇಕು. ಅದಕ್ಕೂ ಹತ್ತು ವರ್ಷದ ಗಡುವು. ಸ್ವತಂತ್ರ ಭಾರತದ ಸಂವಿಧಾನದಲ್ಲಿ ಮೀಸಲು ಸ್ಥಾನ ಉಳಿಯಿತು, ಆ ನಾಲ್ಕು ಹೆಸರಿನ ಪದ್ಧತಿ ಉಳಿಯಲಿಲ್ಲ. ಆವತ್ತಿನಿಂದ ಹೆಸರು ನಮ್ಮದು, ಆರಿಸುವವರು ಬೇರೆ. ಮೀಸಲು ಕ್ಷೇತ್ರದಲ್ಲಿ ಗೆದ್ದವನು ಕೇರಿಗೆ ಉತ್ತರ ಹೇಳದಿದ್ದರೂ ನಡೆಯುತ್ತದೆ, ವಾಡೆಗೆ ಉತ್ತರ ಹೇಳದಿದ್ದರೆ ನಡೆಯುವುದಿಲ್ಲ.

ನಮ್ಮ ವಿಜಯಪುರ ಲೋಕಸಭಾ ಕ್ಷೇತ್ರವೇ 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. 2022ರಲ್ಲಿ ಒಬ್ಬ ಸಂಸದರ ಚೀಟಿಗೆ 700 ಮೌಲ್ಯ. ಆ 700 ಯಾಕೆ ಯಾರಿಗೆ ಬಿತ್ತು ಎಂದು ಸಂಸದರನ್ನು ಕರೆದು ಕೇಳುವ ರೂಢಿ ಈ ಜಿಲ್ಲೆಯಲ್ಲಿ ಇಲ್ಲ. 131ರ ಬಗ್ಗೆ ಶಾಸಕರನ್ನು ಕೇಳುವ ರೂಢಿಯೂ ಇಲ್ಲ. ಗುಪ್ತ ಮತ, ನಿಜ. ಚೀಟಿ ತೋರಿಸು ಎಂದು ನಾವು ಕೇಳುವುದಿಲ್ಲ. ಕಾರಣ ಹೇಳು ಎಂದು ಕೇಳಬಹುದು.

ಈಗ ಪಂಚಾಯತಿ ಕಟ್ಟೆಗೆ ಬರೋಣ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಅಧ್ಯಕ್ಷನ ಚುನಾವಣೆ ರಾಷ್ಟ್ರಪತಿ ಚುನಾವಣೆಯ ತಮ್ಮನಿದ್ದಂತೆ. ನಾವು ಸದಸ್ಯರನ್ನು ಆರಿಸುತ್ತೇವೆ, ಸದಸ್ಯರು ತಮ್ಮೊಳಗೆ ಅಧ್ಯಕ್ಷನನ್ನು ಆರಿಸುತ್ತಾರೆ. 1993ರ ಕಾಯಿದೆಯಂತೆ ಆ ಸ್ಥಾನಕ್ಕೆ ಸರದಿಯ ಮೀಸಲಾತಿ ಇದೆ. ಮೀಸಲಾತಿ ಪ್ರಕಟವಾದ ದಿನದಿಂದ ಏನು ನಡೆಯುತ್ತದೆ ಎಂಬುದನ್ನು ಈ ಸೀಮೆಯ ಯಾವ ಊರಿನವರಾದರೂ ಬಲ್ಲರು. ಸ್ಥಾನ ನಮಗೆ ಬಂದಿತೆಂದರೆ ವಾಡೆಯಲ್ಲಿ ಬೈಠಕ್ ನಡೆಯುತ್ತದೆ. ನಮ್ಮ ಸದಸ್ಯರಲ್ಲಿ ಮಾತು ಕಡಿಮೆ ಆಡುವವ ಯಾರು, ಸಾಲ ಹೆಚ್ಚು ಇರುವವ ಯಾರು, ಯಾರ ಹೆಣ್ತಿಯನ್ನು ನಿಲ್ಲಿಸಿದರೆ ಸಹಿ ಸಲೀಸು ಎಂದು ನೋಡುತ್ತಾರೆ. ಸದಸ್ಯರನ್ನು ಗಾಡಿಯಲ್ಲಿ ಕೂಡಿಸಿಕೊಂಡು ದೇವರ ಊರುಗಳಿಗೆ ಟ್ರಿಪ್ ಒಯ್ಯುತ್ತಾರೆ, ಫೋನು ಕಸಿದಿಡುತ್ತಾರೆ, ಚುನಾವಣೆಯ ಮುಂಜಾನೆ ನೇರ ಪಂಚಾಯತಿಗೆ ಇಳಿಸುತ್ತಾರೆ. ಅಧ್ಯಕ್ಷಳು ನಮ್ಮ ಅಕ್ಕ, ಹಾರ ಅವಳ ಕೊರಳಿಗೆ, ಚೆಕ್ ಬುಕ್ ಇನ್ನೊಬ್ಬರ ಬಗಲಿಗೆ. ಅಕ್ಕ ಒಮ್ಮೆ 'ಇದು ಯಾತರ ಬಿಲ್ಲರಿ?' ಎಂದು ಕೇಳಿದರೆ ಅವಿಶ್ವಾಸದ ನೋಟೀಸು. 2020ರ ಡಿಸೆಂಬರಿನ ಪಂಚಾಯತಿ ಚುನಾವಣೆಯಲ್ಲಿ ರಾಜ್ಯದ ಹಲವು ಕಡೆ ಸದಸ್ಯ ಸ್ಥಾನವನ್ನೇ ಹರಾಜು ಕೂಗಿದ ಸುದ್ದಿ ಬಂತು, ಅದು ಅಪರಾಧ ಎಂದು ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ದಿಲ್ಲಿಯಲ್ಲಿ ನೂರು ಸಹಿ, ಇಲ್ಲಿ ಹರಾಜಿನ ಕೂಗು. ಕಿಂಡಿ ಮುಚ್ಚುವ ರೀತಿ ಬೇರೆ, ಉದ್ದೇಶ ಒಂದೇ.

ಹಾಗಾದರೆ ರಾಷ್ಟ್ರಪತಿಯನ್ನೂ ಅಧ್ಯಕ್ಷನನ್ನೂ ನೇರವಾಗಿ ಆರಿಸಿದರೆ ಎಲ್ಲ ಸರಿಹೋಗುತ್ತದೋ? ಕೆಲವು ಗೆಳೆಯರು ಹಾಗೆ ವಾದಿಸುತ್ತಾರೆ. ನಮಗೆ ಆ ನಂಬಿಕೆ ಇಲ್ಲ. ತಮಿಳುನಾಡಿನಲ್ಲಿ ಪಂಚಾಯತಿ ಅಧ್ಯಕ್ಷನನ್ನು ಜನರೇ ನೇರವಾಗಿ ಆರಿಸುತ್ತಾರೆ. ಮುರುಗೇಶನ್ ನೇರವಾಗಿಯೇ ಗೆದ್ದಿದ್ದರು. ಚೀಟಿ ಒಂದೇ ನಮ್ಮನ್ನು ಕಾಯುವುದಿಲ್ಲ. ಚೀಟಿಯ ಮೊದಲು ಹೆಸರು ಬರೆಯುವ ಶಕ್ತಿ, ಚೀಟಿಯ ನಂತರ ಉತ್ತರ ಕೇಳುವ ಶಕ್ತಿ, ಎರಡೂ ಬೇಕು. ಯಾವ ತಿದ್ದುಪಡಿಯೂ ಅದನ್ನು ನಮಗೆ ತಂದುಕೊಡುವುದಿಲ್ಲ. ಅದನ್ನು ಕೇರಿಯಲ್ಲಿ ಕಟ್ಟಬೇಕು.

ಹಾಸ್ಟೆಲಿನ ಹುಡುಗರು ಹುಡುಗಿಯರು ಏನು ಮಾಡಬಹುದು? 1989ರಿಂದ ಹದಿನೆಂಟು ತುಂಬಿದವರಿಗೆ ಓಟಿದೆ. ಇಪ್ಪತ್ತೊಂದು ತುಂಬಿದವರು ಪಂಚಾಯತಿಗೆ ನಿಲ್ಲಬಹುದು. ನೀವು ಲೆಕ್ಕ ಬಲ್ಲವರು, ಕಾಗದ ಓದಬಲ್ಲವರು. ನಮ್ಮ ಮಾತು ನಾಲ್ಕು:

ಒಂದು. ಪಂಚಾಯತಿ ಚುನಾವಣೆ ಬಂದಾಗ ವಾಡೆಯ ಬೈಠಕ್ಕಿಗಿಂತ ಮೊದಲು ಕೇರಿಯ ಬೈಠಕ್ ಆಗಲಿ. ಹೊಲೆಯ, ಮಾದಿಗ, ಸಮಗಾರ, ಡೋರ ಎನ್ನದೆ ಎಲ್ಲರೂ ಕೂಡಲಿ, ಹೆಣ್ಣುಮಕ್ಕಳು ಮುಂದೆ ಕೂಡಲಿ. ಪೂನಾ ಒಪ್ಪಂದದ ಆ ಹಳೆಯ ನಾಲ್ಕು ಹೆಸರಿನ ಪದ್ಧತಿಯನ್ನು ನಮ್ಮಷ್ಟಕ್ಕೆ ನಾವೇ ನಡೆಸೋಣ. ಅದನ್ನು ಯಾವ ಕಾಯಿದೆಯೂ ಬೇಡ ಅನ್ನುವುದಿಲ್ಲ.

ಎರಡು. ನಮ್ಮ ಅಧ್ಯಕ್ಷ ಗೆದ್ದರೆ ಹಾರ ಹಾಕಿ ಮನೆಗೆ ಹೋಗಬಾರದು. ರಜೆಗೆ ಊರಿಗೆ ಬಂದಾಗ ಪಂಚಾಯತಿಗೆ ಹೋಗಿ ಅವಳ ಪಕ್ಕ ಕುಂತು ಬಿಲ್ಲು, ವೋಚರು, ನಡಾವಳಿ ಓದಿ ಹೇಳಿ. ಒಬ್ಬಳೇ ಕುಂತ ಅಧ್ಯಕ್ಷಳನ್ನು ಹೆದರಿಸುವುದು ಸುಲಭ. ಹತ್ತು ಮಂದಿ ಹಿಂದೆ ನಿಂತ ಅಧ್ಯಕ್ಷಳನ್ನು ಹೆದರಿಸುವುದು ಸುಲಭವಲ್ಲ.

ಮೂರು. ಈಗಿನ ರಾಷ್ಟ್ರಪತಿಯವರ ಅವಧಿ 2027ರ ಜುಲೈಗೆ ಮುಗಿಯುತ್ತದೆ. ಆ ಚುನಾವಣೆಯ ಪ್ರಚಾರದಲ್ಲಿ ನಮ್ಮ ಹೆಸರು ಮತ್ತೆ ಕೇಳಿಬರಬಹುದು. ಆಗ ಕುಣಿಯುವುದೂ ಬೇಡ, ಬೈಯುವುದೂ ಬೇಡ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಊರಿನ ಹಾಸ್ಟೆಲುಗಳಿಂದ ಶಾಸಕರಿಗೆ, ಸಂಸದರಿಗೆ ಒಂದೊಂದು ಕಾಗದ ಬರೆಯೋಣ: ಸಾಹೇಬರೇ, ಈ ಮತ ನಮ್ಮ ಮುತ್ಯಾಂದಿರ ತಲೆ ಎಣಿಸಿ ನಿಮಗೆ ಕೊಟ್ಟದ್ದು. ಯಾವ ಕಾರಣಕ್ಕೆ ಯಾರಿಗೆ ಹಾಕುತ್ತೀರಿ, ಹೇಳಿ.

ನಾಲ್ಕು. 2027ಕ್ಕೆ ಜನಗಣತಿ ಎಂದು ಸರ್ಕಾರ 2025ರಲ್ಲಿ ಅಧಿಸೂಚನೆ ಹೊರಡಿಸಿದೆ, ಜಾತಿಯನ್ನೂ ಎಣಿಸುತ್ತೇವೆ ಅಂದಿದೆ. ಎಣಿಸುವವರು ಕೇರಿಗೆ ಬಂದಾಗ ಒಂದು ಮನೆಯೂ ಬಿಟ್ಟುಹೋಗಬಾರದು. ಕಬ್ಬು ಕಡಿಯಲು, ಗವಂಡಿ ಕೆಲಸಕ್ಕೆ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೋದವರ ಹೆಸರೂ ಎಲ್ಲಿಯಾದರೂ ಒಂದು ಕಡೆ ದಾಖಲಾಗಬೇಕು. 1971ರ ಎಣಿಕೆ ಐವತ್ತು ವರ್ಷ ದಾಟಿ ಬಾಳಿತು. ಮುಂದಿನ ಎಣಿಕೆ ಎಷ್ಟು ವರ್ಷ ಬಾಳುತ್ತದೋ ಯಾರು ಬಲ್ಲರು? ಈ ಸಲ ತಪ್ಪಿಹೋದ ತಲೆ ಅಷ್ಟೂ ವರ್ಷ ತಪ್ಪಿಹೋಗುತ್ತದೆ.

ಇವು ಸಣ್ಣ ಕೆಲಸ ಎಂದು ಕೆಲವರು ನಗಬಹುದು. ನಗಲಿ. ದೊಡ್ಡ ಕುರ್ಚಿಯಲ್ಲಿ ನಮ್ಮವರನ್ನು ಕೂಡಿಸಿದ್ದೇವೆ ಎಂದು ಅವರು ಎಷ್ಟು ಸಲ ಹೇಳಿದರೂ ನಾವು ಕೇಳುವುದು ಇಷ್ಟೇ: ಕೂಡಿಸಿದವರು ನೀವಾದರೆ ಎಬ್ಬಿಸುವವರೂ ನೀವೇ ಅಲ್ಲವೇ? ನಮ್ಮ ಹೆಸರನ್ನು ನಾವೇ ಬರೆದು, ನಮ್ಮವರನ್ನು ನಾವೇ ಕೂಡಿಸಿ, ತಪ್ಪಿದರೆ ನಾವೇ ಕೇಳುವ ದಿನ ಮೊದಲು ದೇವಣಗಾಂವದ ಪಂಚಾಯತಿಯಲ್ಲಿ ಬರಲಿ. ದಿಲ್ಲಿಗೆ ಆಮೇಲೆ ಹೋಗೋಣ.

ಓದಿದವರು ಓದಲು ಬಾರದವರಿಗೆ ಓದಿ ಹೇಳಿ. ಒಪ್ಪದವರು ಸಭೆಗೆ ಬಂದು ವಾದಿಸಿ.

ಜೈ ಭೀಮ್.